ನೆಲ ಡೊಂಕು

'ಕುಣಿಯಲಾರದ ಸೂಳೆ ನೆಲ ಡೊಂಕು ಅಂದಳಂತೆ' ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಲೆಕ್ಕ ತಪ್ಪಿ ಬಳಪವನ್ನು ದೂರುವ ಹುಡುಗನಿಗೆ, ಅಡಿಗೆ ಕೆಡಿಸಿ ಒಲೆಯನ್ನು ಬಯ್ಯುವವರಿಗೆ, ಚುನಾವಣೆಯಲ್ಲಿ ಸೋತು ಮತದಾರನನ್ನು ಹಳಿಯುವ ಮುಖಂಡನಿಗೆ, ಹೀಗೆ ಎಲ್ಲರಿಗೂ ಒಗ್ಗುವ ಮಾತು ಇದು. ಸಭ್ಯರ ಮುಂದೆ ಆಡುವಾಗ ಎರಡನೆಯ ಪದವನ್ನು ನುಂಗಿ 'ಕುಣಿಯಲಾರದವಳು' ಎಂದು ತಿದ್ದಿಕೊಳ್ಳುವುದೂ ಉಂಟು. ತಿದ್ದಿದರೂ ಗಾದೆಯ ಕಟುತ್ವ ಕಡಿಮೆಯಾಗುವುದಿಲ್ಲ. ಅದರಲ್ಲಿ ಕುಣಿಯುವವಳಿಗೆ ಒಂದು ಬೈಗುಳವಿದೆ, ಹೆಸರಿಲ್ಲ. ಅವಳು ನೆಲದ ಮೇಲೆ ಹೊರಿಸಿದ ದೂರಿದೆ, ಆ ದೂರನ್ನು ವಿಚಾರಿಸಿ ನೋಡಿದವರಿಲ್ಲ. ನೆಲವು ನಿಜವಾಗಿಯೇ ಡೊಂಕಾಗಿದ್ದಿರಬಹುದೇ ಎಂದು ಗಾದೆ ಕಟ್ಟಿದವರೂ ಕೇಳಲಿಲ್ಲ, ತಲೆಮಾರುಗಳಿಂದ ಅದನ್ನು ಆಡುತ್ತ ಬಂದ ನಾವೂ ಕೇಳಲಿಲ್ಲ.

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಮೂಡಿದ್ದು ಬೆಂಗಳೂರಿನಲ್ಲಿ ಒಂದು ನೃತ್ಯೋತ್ಸವವನ್ನು ನೋಡಿದ ಮೇಲೆ. ಅದು ಭರತನಾಟ್ಯದ್ದಲ್ಲ, ಕಥಕ್ಕಿನದೂ ಅಲ್ಲ. ಈಜಿಪ್ಟಿನ ನೃತ್ಯದ ಉತ್ಸವ. ಇಂಗ್ಲಿಷಿನ ದಾಕ್ಷಿಣ್ಯದಿಂದ ನಾವೆಲ್ಲರೂ ಅದನ್ನು 'ಬೆಲ್ಲಿ ಡಾನ್ಸ್' ಎಂದು ಕರೆಯುತ್ತೇವೆ. ನಮ್ಮ ದೇಶದ ದೊಡ್ಡ ನಗರಗಳಲ್ಲಿ ಅದನ್ನು ಶ್ರದ್ಧೆಯಿಂದ ಕಲಿಯುವ ಹೆಣ್ಣುಮಕ್ಕಳು ಈಗ ಅನೇಕರಿದ್ದಾರೆ. ಅಂಥವರು ಕೆಲವರು ಕೂಡಿ ವರ್ಷಕ್ಕೊಮ್ಮೆ ನಡೆಸುತ್ತಿದ್ದ ಈ ಉತ್ಸವ ಹಿಂದೆ ಹೋಟೆಲೊಂದರ ಭೋಜನಶಾಲೆಯಲ್ಲಿ ಆಗುತ್ತಿತ್ತಂತೆ. ನಾನು ಹೋದ ವರ್ಷ ಅದು ಮೊದಲ ಬಾರಿಗೆ ರಂಗಮಂದಿರಕ್ಕೆ ಬಂದಿತ್ತು. ಬೆಂಗಳೂರಿನಲ್ಲಿರುವ ನನ್ನ ಬಂಧುವೊಬ್ಬರು ಟಿಕೀಟು ಕೊಂಡು, ಸಂಕೋಚದಿಂದಲೇ ನನ್ನನ್ನು ಕರೆದರು. ನಾನೂ ಸಂಕೋಚದಿಂದಲೇ ಒಪ್ಪಿದೆ. ಭೀಮಾತೀರದ ಗೊಬ್ಬೂರಿನಂಥ ಊರಿನಿಂದ ಬಂದ ಶಾಲೆಯ ಮಾಸ್ತರನಿಗೆ ಇಂಥ ಸಂಕೋಚ ಅಸಹಜವೆಂದು ವಾಚಕರು ಭಾವಿಸಲಾರರು.

ಹೊಸ ಸ್ಥಳದ ಸೊಗಸು ಮೊದಲ ನೋಟಕ್ಕೇ ಕಾಣುತ್ತಿತ್ತು. ಎತ್ತರದ ವೇದಿಕೆ, ನುಣುಪಾದ ಹಲಗೆಯ ನೆಲ, ಬಣ್ಣ ಬದಲಿಸುವ ದೀಪಗಳು, ಕತ್ತಲೆಯಲ್ಲಿ ಸಾಲಾಗಿ ಕುಳಿತ ಪ್ರೇಕ್ಷಕರು. ಊಟದ ತಟ್ಟೆಗಳ ಸದ್ದಿಲ್ಲ, ಮೇಜುಗಳ ನಡುವೆ ಓಡಾಡುವ ಪರಿಚಾರಕರಿಲ್ಲ. ನೋಡುವುದಕ್ಕೆಂದೇ ಬಂದವರ ಮುಂದೆ, ಕುಣಿಯುವುದಕ್ಕೆಂದೇ ಬಂದವರು. ಸಂಘಟಕರ ಮುಖದಲ್ಲಿ, ಕನ್ಯಾದಾನಕ್ಕೆ ಒಳ್ಳೆಯ ಮನೆ ಸಿಕ್ಕಿತೆಂಬ ತಂದೆಯ ತೃಪ್ತಿಯಿತ್ತು. ಆದರೆ ಮೊದಲ ಅರ್ಧ ಗಂಟೆಯಲ್ಲಿಯೇ ಒಂದು ವಿಚಿತ್ರ ಕಂಡುಬಂದಿತು. ತೆಳುವಾದ ಸೆರಗನ್ನು ಗಾಳಿಯಲ್ಲಿ ಹಾರಿಸುತ್ತ ವೇದಿಕೆಯ ಈ ಕೊನೆಯಿಂದ ಆ ಕೊನೆಗೆ ಸುಳಿದವರಿಗೆ ಚಪ್ಪಾಳೆ ಧಾರಾಳವಾಗಿ ಬಿತ್ತು. ನಿಂತಲ್ಲೇ ನಿಂತು, ಎದೆಯನ್ನು ಅಲುಗಿಸದೆ ನಡುವನ್ನು ಮಾತ್ರ ಮೆಲ್ಲನೆ ಎಂಟರ ಅಂಕೆಯಂತೆ ತಿರುವಿದ ಒಬ್ಬಾಕೆಯ ಕುಣಿತ ಹಿಂದಿನ ಸಾಲುಗಳನ್ನು ಮುಟ್ಟಲಿಲ್ಲ. ನನ್ನ ಪಕ್ಕದಲ್ಲಿದ್ದವರು ಆಕೆ ಇನ್ನೂ ಆರಂಭಿಸಿಲ್ಲವೆಂದೇ ತಿಳಿದಿದ್ದರು.

ಬಲ್ಲವರು ಹೇಳುವಂತೆ ಈ ನೃತ್ಯದ ಜೀವ ಇರುವುದೇ ಆ ಸಣ್ಣ ಚಲನೆಯಲ್ಲಿ. ದೇಹದ ಒಂದು ಭಾಗವನ್ನು ಇನ್ನೊಂದರಿಂದ ಬಿಡಿಸಿ, ಸೊಂಟ ತಾಳವನ್ನು ಹಿಡಿದಿರುವಾಗ ಭುಜ ರಾಗವನ್ನು ಹಿಡಿಯುವಂತೆ ಮಾಡುವುದು ಇದರ ವಿದ್ಯೆ. ಮಣ್ಣಿನ ಹೂಜಿಯ ಆಕಾರದ ಚರ್ಮವಾದ್ಯವೊಂದು ಇದರ ಸಂಗಾತಿ. ಅದನ್ನು ಈಜಿಪ್ಟಿನವರು ಕರೆಯುವ ಹೆಸರು 'ತಬ್ಲಾ' ಎಂದು ತಿಳಿದಾಗ ನಮ್ಮ ಕಿವಿ ನೆಟ್ಟಗಾಗುತ್ತದೆ. ಕೊಳಲನ್ನು ಹೋಲುವ 'ನಾಯ್' ಒಂಟಿಯಾಗಿ ಆಲಾಪಿಸುವಾಗ ನರ್ತಕಿ ಹೆಚ್ಚುಕಡಿಮೆ ನಿಶ್ಚಲಳಾಗಿ ನಿಂತು, ಉಸಿರಿನಷ್ಟೇ ಚಲನೆಯಿಂದ ಆ ಸ್ವರವನ್ನು ಮೈಮೇಲೆ ಬರೆಯಬೇಕು. ಅದನ್ನು ನೋಡಲು ಹತ್ತು ಹದಿನೈದು ಮೊಳದ ಸಾಮೀಪ್ಯ ಬೇಕು. ರಂಗಮಂದಿರದ ನೆಲ ಚೊಕ್ಕಟವಾಗಿತ್ತು, ಸಮತಟ್ಟಾಗಿತ್ತು. ಆದರೂ ಈ ಕುಣಿತದ ಪಾಲಿಗೆ ಡೊಂಕಾಗಿತ್ತು.

ಕಡೆಯಲ್ಲಿ ಬಂದವಳು ಇದನ್ನು ಅರಿತಿದ್ದಳೆಂದು ತೋರುತ್ತದೆ. ಆಕೆ ಸಭಾಂಗಣದ ದೀಪಗಳನ್ನು ಹಚ್ಚಿಸಿ, ವೇದಿಕೆಯ ಮೆಟ್ಟಿಲಿಳಿದು ಮೊದಲ ಸಾಲಿನ ಮುಂದಿನ ಬಯಲಿಗೆ ಬಂದಳು. ತಬ್ಲಾ ನುಡಿಸುವವನು ಮೆಟ್ಟಿಲ ಮೇಲೆ ಕುಳಿತ. ಹಿಂದಿನವರು ಎದ್ದು ಬಂದು ಅರ್ಧಚಂದ್ರಾಕಾರವಾಗಿ ನಿಂತರು. ಮಕ್ಕಳು ನೆಲದ ಮೇಲೆ ಕುಳಿತರು. ಹತ್ತು ನಿಮಿಷದ ಆ ಕುಣಿತದಲ್ಲಿ ಆಕೆ ಹತ್ತು ಹೆಜ್ಜೆ ಇಟ್ಟಿರಲಾರಳು. ಮೊದಲು ತುಟಿಯಂಚಿನಲ್ಲಿ ನಗುತ್ತಿದ್ದ ಕೆಲವು ಗಂಡಸರು ನಗುವುದನ್ನು ಮರೆತರು. ವಿದ್ಯೆಯೆಂಬುದು ಕಣ್ಣೆದುರಿಗೆ ಬಂದು ನಿಂತಾಗ ಮನುಷ್ಯ ತನಗರಿಯದೆ ಮರ್ಯಾದಸ್ಥನಾಗುತ್ತಾನೆ.

ಉತ್ಸವ ಮುಗಿದ ಮೇಲೆ ಆಕೆಯನ್ನು ಮೆಚ್ಚಿ ಮಾತನಾಡಿಸಿದೆ. ಕರಪತ್ರವನ್ನು ಬಿಡಿಸಿ, ಇದರಲ್ಲಿ ನಿಮ್ಮ ಹೆಸರು ಯಾವುದೆಂದು ಕೇಳಿದೆ. ಆಕೆ ಬೆರಳಿಟ್ಟು ತೋರಿಸಿದ್ದು ಒಂದು ಅರಬ್ಬೀ ಹೆಸರು. ಅದು ರಂಗಕ್ಕಾಗಿ ಇಟ್ಟುಕೊಂಡ ಹೆಸರೆಂದೂ, ಹಗಲಿನಲ್ಲಿ ತಾನು ಉದ್ಯೋಗ ಮಾಡುವ ಕಡೆ ಈ ವಿಷಯ ಯಾರಿಗೂ ತಿಳಿಯದೆಂದೂ, ಮನೆಯಲ್ಲಿ ತಾಯಿಗೆ ತಿಳಿದಿದೆ, ತಂದೆಗೆ ತಿಳಿದಿಲ್ಲವೆಂದೂ ಹೇಳಿದಳು. ಆಕೆಯ ಮಾತಿನಲ್ಲಿ ದುಃಖವೇನೂ ಇರಲಿಲ್ಲ. ಮಳೆ ಬರುವುದೆಂದು ಕೊಡೆ ತಂದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಕರಪತ್ರದ ಮೇಲೆ ಕಣ್ಣಾಡಿಸಿದೆ. ಅದರಲ್ಲಿದ್ದ ಹದಿನಾರು ಹೆಸರುಗಳಲ್ಲಿ ತಂದೆತಾಯಿ ಇಟ್ಟವು ಎಷ್ಟು, ಸಂಕೋಚ ಇಟ್ಟವು ಎಷ್ಟು ಎಂದು ಹೇಳುವಂತಿರಲಿಲ್ಲ. ಹೊಸ ರಂಗಮಂದಿರ ಕುಣಿತವನ್ನು ಒಳಕ್ಕೆ ಬರಮಾಡಿಕೊಂಡಿತ್ತು. ಕುಣಿದವಳ ಹೆಸರು ಇನ್ನೂ ಹೊರಗೇ ನಿಂತಿತ್ತು.

ಹೆಸರಿನ ಮಾತು ಬಂದುದರಿಂದ ಈ ನೃತ್ಯದ ಹೆಸರನ್ನೇ ಮೊದಲು ನೋಡಬಹುದು. 'ಹೊಟ್ಟೆಯ ಕುಣಿತ' ಎಂಬುದು ಅದನ್ನು ಕುಣಿದವರು ಇಟ್ಟ ಹೆಸರಲ್ಲ. ಅದು ಫ್ರೆಂಚರ ಮಾತು. ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ೧೮೯೩ರಲ್ಲಿ ಅಮೆರಿಕದ ಚಿಕಾಗೋದಲ್ಲಿ ನಡೆದ ವಿಶ್ವಮೇಳದಲ್ಲಿ 'ಕೈರೋ ಬೀದಿ' ಎಂಬ ಕೃತಕ ಬೀದಿಯೊಂದನ್ನು ಕಟ್ಟಿ, ಈ ಕುಣಿತವನ್ನು ವಿನೋದದ ವಸ್ತುವಾಗಿ ತೋರಿಸಿದ ಮೇಲೆ ಆ ಹೆಸರು ಜಗತ್ತಿನ ಬಾಯಿಗೆ ಬಿದ್ದಿತು. ಅದೇ ಮೇಳದ ಸಂದರ್ಭದಲ್ಲಿ, ಅದೇ ವರ್ಷ, ಅದೇ ನಗರದಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದರು. ಪೂರ್ವದೇಶದ ಒಂದು ದನಿ ಅಲ್ಲಿ ತನ್ನ ಹೆಸರಿನಿಂದ ನಿಂತು ಗೌರವ ಪಡೆಯಿತು; ಪೂರ್ವದೇಶದ ಇನ್ನೊಂದು ವಿದ್ಯೆಗೆ ಅಲ್ಲಿಯೇ ಅಡ್ಡಹೆಸರು ಅಂಟಿತು. ಈಜಿಪ್ಟಿನ ಜನ ಅದನ್ನು ಕರೆಯುವುದು 'ರಕ್ಸ್ ಶರ್ಕಿ' ಎಂದು, ಅಂದರೆ ಪೂರ್ವದ ನೃತ್ಯ. ಅದರ ಹಳ್ಳಿಯ ರೂಪ 'ರಕ್ಸ್ ಬಲದಿ', ಅಂದರೆ ನಾಡಿನ ನೃತ್ಯ.

ಈ 'ರಕ್ಸ್' ಎಂಬ ಮಾತು ಕಲಬುರಗಿಯ ಕಡೆಯವರಿಗೆ ಹೊಸದಲ್ಲ. ನಮ್ಮ ನೆರೆಹೊರೆಯ ದಖನಿ ಉರ್ದುವಿನಲ್ಲಿ ಕುಣಿತಕ್ಕೆ ಅದೇ ಮಾತು. ಅಷ್ಟೇಕೆ, ಆ ಮಾತು ನಮ್ಮ ಸೀಮೆಗೆ ಬಂದ ದಾರಿಯ ಮೇಲೆ ಒಂದು ಹಾಳೂರೇ ನಿಂತಿದೆ. ಕಲಬುರಗಿಯಿಂದ ದಕ್ಷಿಣಕ್ಕೆ ಜೇವರ್ಗಿಯ ಕಡೆಗೆ ಹೋಗುವಾಗ ಭೀಮಾನದಿಯ ದಡದಲ್ಲಿ ಫಿರೋಜಾಬಾದ್ ಎಂಬ ಹಳೆಯ ಕೋಟೆಯ ಗೋಡೆಗಳು ಹೊಲಗಳ ನಡುವೆ ಕಾಣುತ್ತವೆ. ೧೩೯೭ರಿಂದ ೧೪೨೨ರ ವರೆಗೆ ಆಳಿದ ಬಹಮನಿ ಸುಲ್ತಾನ ತಾಜುದ್ದೀನ್ ಫಿರೋಜ್ ಶಾಹ ೧೪೦೦ರ ಸುಮಾರಿಗೆ ಕಟ್ಟಿಸಿದ ಅರಮನೆಯ ಪಟ್ಟಣ ಅದು. ಅವನ ಅಂತಃಪುರದಲ್ಲಿ ಅರಬ್ಬೀ, ತುರ್ಕೀ, ಜಾರ್ಜಿಯಾದ, ಚೀನದ, ಬಂಗಾಳದ, ಗುಜರಾತಿನ, ತೆಲುಗುನಾಡಿನ, ಮರಾಠೀ ಸೀಮೆಯ ಹೆಂಗಸರಿದ್ದರೆಂದೂ, ಸುಲ್ತಾನ ಒಬ್ಬೊಬ್ಬರೊಡನೆ ಅವರವರ ನುಡಿಯಲ್ಲಿಯೇ ಮಾತನಾಡುತ್ತಿದ್ದನೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಸುಲ್ತಾನನ ಬಹುಭಾಷಾಪಾಂಡಿತ್ಯ ಹೀಗೆ ಉಳಿದು ಬಂದಿತು. ಆ ಹೆಂಗಸರು ತಮ್ಮತಮ್ಮಲ್ಲಿ ಯಾವ ಹಾಡು ಹಾಡಿಕೊಂಡರು, ಭೀಮೆಯ ತಂಗಾಳಿಯಲ್ಲಿ ಯಾವ ನಾಡಿನ ಹೆಜ್ಜೆ ಹಾಕಿದರು ಎಂಬುದನ್ನು ಮಾತ್ರ ಆ ಗೋಡೆಗಳು ಹೇಳುವುದಿಲ್ಲ.

ಅದೇ ಫೆರಿಷ್ತಾ ಹೇಳುವ ಇನ್ನೊಂದು ಕಥೆ ಕುಣಿತಕ್ಕೆ ಹತ್ತಿರದ್ದು. ೧೩೯೮ರಲ್ಲಿ ವಿಜಯನಗರದ ಸೈನ್ಯ ಕೃಷ್ಣಾನದಿಯ ಆಚೆ ದಡದಲ್ಲಿ ಬೀಡುಬಿಟ್ಟಿತ್ತು. ಹೊಳೆ ತುಂಬಿ ಹರಿಯುತ್ತಿದ್ದುದರಿಂದ ಫಿರೋಜ್ ಶಾಹನಿಗೆ ದಾಟಲು ಆಗಲಿಲ್ಲ. ಆಗ ಕಾಜಿ ಸಿರಾಜ್ ಎಂಬುವನು ಕೆಲವರು ಸಂಗಡಿಗರೊಡನೆ ವೇಷ ಮರೆಸಿ ಆ ಬೀಡನ್ನು ಹೊಕ್ಕು, ಅಲ್ಲಿನ ನರ್ತಕಿಯೊಬ್ಬಳ ವಿಶ್ವಾಸ ಗಳಿಸಿ, ವಾದ್ಯ ನುಡಿಸುವ ಜಾಣ್ಮೆಯನ್ನು ತೋರಿಸಿ, ಅವಳ ಮೇಳದೊಂದಿಗೆ ರಾಯನ ಮಗನ ಡೇರೆಯೊಳಗೆ ನುಸುಳಿದ. ಹೆಣ್ಣುಡುಗೆಯಲ್ಲಿ ಕಠಾರಿಗಳನ್ನು ತಿರುವುತ್ತ ಕುಣಿದ. ಕುಣಿಯುತ್ತಲೇ ರಾಜಕುಮಾರನನ್ನು ಇರಿದ. ಇದರಲ್ಲಿ ಚರಿತ್ರೆಯೆಷ್ಟು, ಕಲ್ಪನೆಯೆಷ್ಟು ಎಂಬ ಚರ್ಚೆ ಪಂಡಿತರಿಗಿರಲಿ. ನಾನು ಗಮನಿಸುವುದು ಇಷ್ಟನ್ನು: ಕುಣಿತವನ್ನು ಕೊಲೆಯ ಉಪಾಯ ಮಾಡಿಕೊಂಡವನ ಹೆಸರು ಆರು ನೂರು ವರ್ಷ ಬಾಳಿತು, ಕುಣಿತವನ್ನೇ ಬಾಳುವೆ ಮಾಡಿಕೊಂಡಿದ್ದವಳು ಕಥೆಯಲ್ಲಿ ಬರಿಯ 'ನರ್ತಕಿ'ಯಾಗಿ ಉಳಿದಳು.

ಕಲಬುರಗಿಯಲ್ಲಿ 'ರಕ್ಸ್' ಎಂಬುದಕ್ಕೆ ಬೇರೊಂದು ನೆಲವೂ ಇತ್ತೆಂದು ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಫಿರೋಜ್ ಶಾಹನ ಕಾಲದಲ್ಲಿಯೇ ದಿಲ್ಲಿಯ ಕಡೆಯಿಂದ ಬಂದು ನೆಲೆಸಿದ ಖ್ವಾಜಾ ಬಂದೇನವಾಜ್ ಗೇಸುದರಾಜರು ಚಿಶ್ತೀ ಪರಂಪರೆಯವರು. ಆ ಪರಂಪರೆಯಲ್ಲಿ ದೇವರ ನೆನಹಿನ ಸಂಗೀತಕ್ಕೆ 'ಸಮಾ' ಎನ್ನುತ್ತಾರೆ. ಅದನ್ನು ಕೇಳುತ್ತ ಮೈಮರೆತು ತೂಗುವುದಕ್ಕೂ 'ರಕ್ಸ್' ಎಂಬ ಮಾತೇ ಸಲ್ಲುತ್ತದೆ. ಕೋಟೆಯ ಬಳಿ ಇದ್ದ ಅವರ ಆಶ್ರಮದಲ್ಲಿ ಜನ ಸೇರುವುದು ಹೆಚ್ಚಿದಾಗ ಸುಲ್ತಾನ ಅವರನ್ನು ದೂರಕ್ಕೆ ಹೋಗಹೇಳಿದ. ಅವರು ಹೋಗಿ ನೆಲೆನಿಂತ ಹೊಸ ಸ್ಥಳಕ್ಕೆ ಇಂದಿಗೂ ಉರುಸಿನಲ್ಲಿ ಜನ ಕಿಕ್ಕಿರಿಯುತ್ತಾರೆ. ಕೋಟೆಯಲ್ಲಿ ಈಗ ಪಾರಿವಾಳಗಳಿವೆ. ನೆಲ ಬದಲಾದರೂ ಕೆಡದೆ ಬೆಳೆದ ಉದಾಹರಣೆ ಇದು. ಹೋದವರು ತಮ್ಮ ಹೆಸರನ್ನೂ ಗೌರವವನ್ನೂ ಜೊತೆಗೆ ಒಯ್ದುದು ಅದಕ್ಕೆ ಕಾರಣ.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಈಜಿಪ್ಟಿನಲ್ಲಿ ಬೀದಿಯಲ್ಲಿಯೂ ಮದುವೆಯ ಮೆರವಣಿಗೆಯಲ್ಲಿಯೂ ಕುಣಿಯುತ್ತಿದ್ದ 'ಘವಾಜಿ' ಹೆಂಗಸರನ್ನು ೧೮೩೪ರಲ್ಲಿ ಮುಹಮ್ಮದ್ ಅಲಿ ಪಾಶಾ ಕೈರೋ ನಗರದಿಂದ ಹೊರಕ್ಕೆ ಹಾಕಿದ. ಅವರು ನೈಲ್ ನದಿಯ ಮೇಲುದಾರಿಯ ಇಸ್ನಾ, ಕಿನಾ, ಅಸ್ವಾನ್ ಮುಂತಾದ ಊರುಗಳಿಗೆ ಹೋಗಬೇಕಾಯಿತು. ೧೮೫೦ರಲ್ಲಿ ಇಸ್ನಾಕ್ಕೆ ಹೋದ ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ಅಲ್ಲಿ ಒಬ್ಬ ನರ್ತಕಿಯನ್ನು ಕಂಡ. ಅವಳ ವರ್ಣನೆಯಿಂದ ಯುರೋಪಿನ ಸಾಹಿತ್ಯದಲ್ಲಿ ಅವಳು ಪ್ರಸಿದ್ಧಳಾದಳು. 'ಕುಚುಕ್ ಹಾನಮ್' ಎಂದು ಅವಳ ಹೆಸರನ್ನು ಎಲ್ಲರೂ ಬರೆಯುತ್ತಾರೆ. ಆದರೆ ಅದು ಹೆಸರೇ ಅಲ್ಲ. ತುರ್ಕೀ ಭಾಷೆಯಲ್ಲಿ 'ಚಿಕ್ಕ ಅಮ್ಮಾವರು' ಎಂದು ಅದರ ಅರ್ಥ. ಜಗತ್ಪ್ರಸಿದ್ಧಳಾದ ಮೇಲೂ ಆಕೆಗೆ ಹೆಸರು ದಕ್ಕಲಿಲ್ಲ.

ಆ ಕುಣಿತ ಮತ್ತೆ ಕೈರೋದ ನಡುವಿಗೆ ಬಂದದ್ದು ಹೊಸ ನೆಲದ ಮೂಲಕ. ಸಿರಿಯಾದ ಕಡೆಯಿಂದ ಬಂದ ಬದಿಯಾ ಮಸಾಬ್ನಿ ಎಂಬ ಕಲಾವಿದೆ ೧೯೨೬ರಲ್ಲಿ ಕೈರೋದಲ್ಲಿ ತನ್ನ ನೃತ್ಯಶಾಲೆಯನ್ನು ತೆರೆದಳು. ಅದುವರೆಗೆ ಮನೆಯಂಗಳದಲ್ಲಿ, ಹೆಂಗಸರ ಕೂಟದಲ್ಲಿ, ನಿಂತಲ್ಲೇ ನಡೆಯುತ್ತಿದ್ದ ಕುಣಿತಕ್ಕೆ ಅಲ್ಲಿ ವೇದಿಕೆ ಸಿಕ್ಕಿತು. ದೂರದಿಂದ ನೋಡುವವರಿಗೆ ಕಾಣಬೇಕಾದುದರಿಂದ ತೋಳುಗಳು ಮೇಲೆದ್ದವು. ನರ್ತಕಿ ವೇದಿಕೆಯನ್ನು ತುಂಬುವಂತೆ ನಡೆಯತೊಡಗಿದಳು. ವಾದ್ಯಗಳು ಹೆಚ್ಚಿ, ಪಿಟೀಲುಗಳು ಸೇರಿದವು. ನಾವು ಈಗ ಸಂಪ್ರದಾಯವೆಂದು ತಿಳಿಯುವ ಎಷ್ಟೋ ಲಕ್ಷಣಗಳು ಆ ಹಲಗೆಯ ನೆಲದಿಂದ ಹುಟ್ಟಿದವು. ಅಲ್ಲಿ ಬೆಳೆದ ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್ ಇಬ್ಬರೂ ಅರಬ್ಬೀ ಚಲನಚಿತ್ರದ ಮನೆಮಾತಾದರು. ಮುಂದೆ ೧೯೫೯ರಲ್ಲಿ ಮಹಮೂದ್ ರೆಜಾ ತಮ್ಮ ತಂಡವನ್ನು ಕಟ್ಟಿ ಹಳ್ಳಿಯ ಕುಣಿತಗಳನ್ನು ಸಂಸಾರಸ್ಥರು ಕುಳಿತು ನೋಡುವ ರಂಗಕ್ಕೆ ತಂದರು. ತಹಿಯಾ ಕಾರಿಯೋಕಾ ರಾಜಕೀಯದ ನಿಲುವಿಗಾಗಿ ಸೆರೆಮನೆಯನ್ನೂ ಕಂಡವರು. ಆಕೆಯನ್ನು ಹುಡುಗನಾಗಿದ್ದಾಗ ಕೈರೋದಲ್ಲಿ ನೋಡಿದ್ದ ವಿದ್ವಾಂಸ ಎಡ್ವರ್ಡ್ ಸೈದ್ ೧೯೯೦ರಲ್ಲಿ ಆಕೆಯ ಕಲೆಯ ಮೇಲೆ ಗಂಭೀರವಾದ ಪ್ರಬಂಧವನ್ನು ಬರೆದರು. ಕುಣಿಯುವವಳಿಗೆ ಹೆಸರೂ, ಆ ಹೆಸರಿಗೆ ಯೋಗ್ಯನಾದ ಓದುಗನೂ ದೊರೆಯಲು ಅಷ್ಟು ಕಾಲ ಹಿಡಿಯಿತು.

ನಮ್ಮ ಕನ್ನಡನಾಡು ಈ ವಿಷಯದಲ್ಲಿ ಬೇರೆಯಾಗಿರಲಿಲ್ಲ. ಕುಣಿತಕ್ಕೆ ಒಳ್ಳೆಯ ನೆಲವನ್ನು ಮಾಡಿಕೊಡುವುದರಲ್ಲಿ ನಮ್ಮ ಹಿರಿಯರು ಎಂದೂ ಹಿಂದೆ ಬೀಳಲಿಲ್ಲ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದ ನಡುವೆ ದುಂಡಗಿನ ಕಲ್ಲಿನ ಜಗಲಿಯಿದೆ; ಸುತ್ತಲೂ ಕಂಬಗಳು, ಕಂಬಗಳ ಮೇಲೆ ಮದನಿಕೆಯರು. ನಾಲ್ಕು ಕಡೆಯಿಂದಲೂ ನೋಡುವ ಕುಣಿತಕ್ಕೆ ಮಾಡಿದ ನೆಲ ಅದು. ವಿಷ್ಣುವರ್ಧನನ ರಾಣಿ ಶಾಂತಲೆಯ ನೃತ್ಯಕೌಶಲವನ್ನು ಶಾಸನಗಳು ಹೊಗಳಿವೆ. ಆಕೆ ರಾಣಿಯಾದುದರಿಂದ ಹೆಸರು ಕಲ್ಲಿನ ಮೇಲೆ ಉಳಿಯಿತು. ಆ ಜಗಲಿಯ ಮೇಲೆ ದಿನದಿನವೂ ಕುಣಿದವರ ಹೆಸರನ್ನು ಕೇಳಿದರೆ ಕಂಬಗಳು ಸುಮ್ಮನಿರುತ್ತವೆ.

೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೋ ಪಾಯೆಸ್ ಅರಮನೆಯ ನೃತ್ಯಶಾಲೆಯನ್ನು ಕಂಡು ಬರೆದಿರುವ ವಿವರ ಯಾವ ನೃತ್ಯಶಿಕ್ಷಕನಿಗೂ ರೋಮಾಂಚ ತರುವಂಥದು. ಅಲ್ಲಿನ ಫಲಕಗಳ ಮೇಲೆ ಒಂದೊಂದು ನೃತ್ಯ ಮುಗಿಯುವಾಗ ನಿಲ್ಲಬೇಕಾದ ಭಂಗಿಯನ್ನು ಕೆತ್ತಿದ್ದರು. ಕಲಿಯುವವಳು ಮರೆತರೆ ತಲೆಯೆತ್ತಿ ನೋಡಿ ನೆನಪು ಮಾಡಿಕೊಳ್ಳಬೇಕು. ಒಂದು ಕಡೆ ಕೈಯಿಂದ ಹಿಡಿದು ಜೋತುಬಿದ್ದು ಮೈಯನ್ನೂ ಕಾಲುಗಳನ್ನೂ ಸಡಿಲಿಸಿಕೊಳ್ಳುವುದಕ್ಕೆ ಏರ್ಪಾಡಿತ್ತು. ನಡು ಬಳುಕಬೇಕಾದರೆ ಮೊದಲು ಮೈ ಹದವಾಗಬೇಕೆಂಬುದನ್ನು ಅರಿತವರು ಕಟ್ಟಿದ ಶಾಲೆ ಅದು. ಮಹಾನವಮಿ ದಿಬ್ಬದ ಶಿಲ್ಪಗಳಲ್ಲಿ ನಮ್ಮ ನರ್ತಕಿಯರೊಡನೆ ಹೊರದೇಶದ ಉಡುಗೆಯವರು ಕುಣಿಯುವ ಚಿತ್ರಗಳೂ ಇವೆ. ಪರದೇಶದ ಹೆಜ್ಜೆಗೆ ಅಂದಿನ ಕನ್ನಡ ನೆಲ ಬಾಗಿಲು ಮುಚ್ಚಿರಲಿಲ್ಲ. ಆ ನಗರದ ನರ್ತಕಿಯರು ಉತ್ತಮವಾದ ಬೀದಿಗಳಲ್ಲಿ ವಾಸಿಸುತ್ತಿದ್ದರೆಂದೂ, ರಾಣಿಯರ ಸನ್ನಿಧಿಯಲ್ಲಿ ಕುಳಿತು ವೀಳ್ಯ ಮೆಲ್ಲುವ ಅಧಿಕಾರ ಅವರಿಗಿತ್ತೆಂದೂ, ಅವರಲ್ಲೊಬ್ಬಳಿಗೆ ಒಂದು ಲಕ್ಷ ಪರ್ದಾವ್ ಹೊನ್ನಿನ ಆಸ್ತಿಯಿತ್ತೆಂಬ ಮಾತು ಕೇಳಿಬಂದಿತೆಂದೂ ಪಾಯೆಸ್ ಹೇಳುತ್ತಾನೆ. ಆ ಲಕ್ಷಾಧೀಶ್ವರಿಯ ಹೆಸರನ್ನು ಅವನೂ ಬರೆಯಲಿಲ್ಲ. ಹೊನ್ನಿನ ಲೆಕ್ಕ ಉಳಿಯಿತು, ಹೆಣ್ಣಿನ ಹೆಸರು ಹೋಯಿತು.

ಇತ್ತೀಚಿನ ಕಾಲಕ್ಕೆ ಬರೋಣ. ಮೈಸೂರು ಸರ್ಕಾರ ೧೯೦೯ರಲ್ಲಿ ತನ್ನ ಆಡಳಿತದ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿ, ಮದರಾಸಿನಲ್ಲಿ ೧೯೪೭ರಲ್ಲಿ ಶಾಸನಗಳು ಬಂದವು. ಕರ್ನಾಟಕ ೧೯೮೨ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಇವು ಆಗಬೇಕಾದ ಕೆಲಸಗಳು. ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮನುಷ್ಯರಿಗೆ ಒಪ್ಪಿಸುವ ಪದ್ಧತಿಯನ್ನು ಕಲೆಯ ನೆಪದಲ್ಲಿ ಸಮರ್ಥಿಸುವವರು ನಮ್ಮ ಸೀಮೆಯ ಹಳ್ಳಿಗಳಿಗೆ ಒಂದು ಸಲ ಬಂದು ನೋಡಬೇಕು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿ, ತಂದೆಯ ಹೆಸರಿನ ಜಾಗದ ಮುಂದೆ ಬಾಯಿ ತೆರೆಯದೆ ನಿಂತದ್ದನ್ನು ನಾನು ಕಂಡಿದ್ದೇನೆ. ಅಲ್ಲಿಯೂ ಕೊರತೆ ಹೆಸರಿನದೇ. ಅಂಥ ತಾಯಂದಿರಲ್ಲಿ ಅನೇಕರಿಗೆ ಕುಣಿತದ ಗಂಧವೂ ಇಲ್ಲ. ವಿದ್ಯೆ ಎಂದೋ ಕೈಬಿಟ್ಟುಹೋಗಿ, ಗಾದೆಯ ಬೈಗುಳ ಮಾತ್ರ ಪಾಲಿಗೆ ಉಳಿದಿದೆ.

ದೇವಾಲಯದ ಬಾಗಿಲು ಮುಚ್ಚಿದ ಹೊತ್ತಿನಲ್ಲಿಯೇ ರಂಗಮಂದಿರದ ಬಾಗಿಲು ತೆರೆಯಿತು. ೧೯೩೫ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಮದರಾಸಿನ ಅಡ್ಯಾರಿನಲ್ಲಿ ಕುಣಿದರು. ಮರುವರ್ಷ ಕಲಾಕ್ಷೇತ್ರ ಹುಟ್ಟಿತು. ನರ್ತಕಿಯ ಬೆನ್ನ ಹಿಂದೆ ನಿಂತು, ಅವಳ ಜೊತೆಗೇ ಹಿಂದೆ ಮುಂದೆ ಸರಿಯುತ್ತಿದ್ದ ಮೇಳ ಪಕ್ಕಕ್ಕೆ ಹೋಗಿ ಕುಳಿತಿತು. ದೀಪ, ಪರದೆ, ಉಡುಗೆಗಳ ವಿನ್ಯಾಸ ಬಂದಿತು. ಸಂಭಾವಿತ ಕುಟುಂಬದ ಹೆಣ್ಣುಮಕ್ಕಳು ಹೆಮ್ಮೆಯಿಂದ ಗೆಜ್ಜೆ ಕಟ್ಟಿದರು. ಇದರಿಂದ ನಾಡಿಗೆ ಆದ ಲಾಭ ಅಪಾರ. ಆದರೆ ಆ ಗೆಜ್ಜೆಯನ್ನು ಕತ್ತಲೆಯ ಕಾಲದಲ್ಲಿ ಕಾಪಾಡಿ ಕೊಟ್ಟ ಮನೆತನಗಳಲ್ಲಿ ಬಾಲಸರಸ್ವತಿಯವರಂಥ ಕೆಲವರು ಮಾತ್ರ ತಮ್ಮ ಹೆಸರಿನೊಡನೆ ಹೊಸ ನೆಲಕ್ಕೆ ದಾಟಿದರು. ಉಳಿದವರು ಹಳೆಯ ನೆಲ ಹೋಗಿ, ಹೊಸ ನೆಲ ಸಿಕ್ಕದೆ ನಡುವೆ ನಿಂತರು.

ಮೈಸೂರಿನಲ್ಲಿ ನಡೆದದ್ದು ಸ್ವಲ್ಪ ಬೇರೆ. ಅದನ್ನು ನೆನೆಯುವುದು ನಮಗೆ ಸಮಾಧಾನದ ವಿಷಯ. ಜಟ್ಟಿ ತಾಯಮ್ಮನವರು ಪೈಲ್ವಾನರೊಬ್ಬರ ಮಗಳು. ೧೮೫೭ರಲ್ಲಿ ಹುಟ್ಟಿ ಅರಮನೆಯ ಆಸ್ಥಾನದಲ್ಲಿ ಅಭಿನಯಕ್ಕೆ ಹೆಸರಾದವರು. ಅವರ ಶಿಷ್ಯೆ ವೆಂಕಟಲಕ್ಷಮ್ಮನವರು ಕಡೂರು ಸೀಮೆಯ ತಾಂಡ್ಯವೊಂದರ ಲಂಬಾಣಿ ಕುಟುಂಬದಲ್ಲಿ ೧೯೦೬ರಲ್ಲಿ ಹುಟ್ಟಿದರು. ೧೯೩೯ರಲ್ಲಿ ಆಸ್ಥಾನ ವಿದುಷಿಯಾದರು. ಅರಮನೆಯ ಕಾಲ ಮುಗಿದ ಮೇಲೆ, ೧೯೬೫ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಅವರನ್ನು ಕರೆದು ನೃತ್ಯ ಕಲಿಸುವ ಪೀಠವನ್ನು ಕೊಟ್ಟಿತು. ೧೯೯೨ರಲ್ಲಿ ಪದ್ಮಭೂಷಣ ಬಂದಿತು; ೨೦೦೨ರಲ್ಲಿ ಅವರು ತೀರಿಕೊಂಡರು. ತಾಂಡ್ಯದಿಂದ ಅರಮನೆಗೆ, ಅರಮನೆಯಿಂದ ವಿದ್ಯಾಮಂದಿರಕ್ಕೆ ನೆಲ ಎರಡು ಸಲ ಬದಲಾಯಿತು. ಹೆಸರು ಮಾತ್ರ ವೆಂಕಟಲಕ್ಷಮ್ಮ ಎಂದೇ ಉಳ

ಿಯಿತು. ಹೊಸ ಸ್ಥಳವೆಂಬುದು ಹೇಗಿರಬೇಕೆಂದು ಕೇಳಿದರೆ ನಾನು ಈ ಉದಾಹರಣೆಯನ್ನು ತೋರಿಸುತ್ತೇನೆ. ಅಲ್ಲಿ ವಿದ್ಯೆಯನ್ನು ಮಾತ್ರ ಒಳಕ್ಕೆ ಕರೆಯಲಿಲ್ಲ. ವಿದ್ಯಾವಂತೆಗೂ ಕುರ್ಚಿ ಹಾಕಿದರು. ಉತ್ತರ ಕರ್ನಾಟಕದ ಬಯಲಿನಲ್ಲಿ ಶ್ರೀಕೃಷ್ಣ ಪಾರಿಜಾತದ ಮೇಳ ಕಟ್ಟಿ ಆಡಿದ ಕೌಜಲಗಿ ನಿಂಗಮ್ಮನವರ ಹೆಸರನ್ನೂ ಇದೇ ಉಸಿರಿನಲ್ಲಿ ಹೇಳಬೇಕು. ಊರೂರಿನ ಮಣ್ಣಿನ ನೆಲದ ಮೇಲೆ ಗಂಡಸರ ಆಟದಲ್ಲಿ ಹೆಣ್ಣಿನ ಹೆಸರನ್ನು ನಿಲ್ಲಿಸಿದವರು ಅವರು.

ಇಷ್ಟನ್ನೆಲ್ಲ ನೆನೆದ ಮೇಲೆ ಗಾದೆಯ ಹೆಂಗಸು ನನಗೆ ಬೇರೆಯಾಗಿಯೇ ಕಾಣುತ್ತಾಳೆ. ಅವಳು ಕಾರಣ ಹುಡುಕುವ ಸೋಮಾರಿಯಾಗಿರಲಿಕ್ಕಿಲ್ಲ. ಒಂದು ಕಾಲದಲ್ಲಿ ರಾಣಿಯೊಡನೆ ವೀಳ್ಯ ಮೆಲ್ಲುತ್ತಿದ್ದವಳ ವಂಶದವಳು, ದೇವಾಲಯದ ಜಗಲಿಯನ್ನು ಕಳೆದುಕೊಂಡು ಯಾರದೋ ಮದುವೆಯ ಚಪ್ಪರದಲ್ಲಿ ಹಳ್ಳತಿಟ್ಟಿನ ನೆಲದ ಮೇಲೆ ನಿಂತಾಗ, ಕಂಡದ್ದನ್ನು ಕಂಡ ಹಾಗೆ ಹೇಳಿರಬಹುದು. ಸುತ್ತ ಕುಳಿತವರು ನಕ್ಕರು. ಆ ನಗೆಯೇ ಗಾದೆಯಾಯಿತು. ಉಪಾಧ್ಯಾಯರಾದವರು ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಹೇಳುವುದು ವಾಡಿಕೆ. ಇನ್ನು ಮುಂದೆ ಅದರ ಕೆಳಗೆ ಒಂದು ಪ್ರಶ್ನೆಯನ್ನೂ ಬರೆಯಿಸಬಹುದು: ನೆಲವನ್ನು ಮಾಡಿದವರು ಯಾರು?

ರಂಗಮಂದಿರಕ್ಕೆ ಬಂದ ಆ ಉತ್ಸವವನ್ನು ನಾನು ಮನಸಾರೆ ಹರಸುತ್ತೇನೆ. ಊಟದ ಮೇಜುಗಳ ನಡುವಿನಿಂದ ಎದ್ದು ಬಂದದ್ದು ಸಣ್ಣ ಸಾಧನೆಯಲ್ಲ. ಸಭಾಂಗಣ ಚಿಕ್ಕದಾಗಿ, ಪ್ರೇಕ್ಷಕರು ಸುತ್ತ ಕುಳಿತು, ಬೆಳಕು ಇಬ್ಬರ ಮೇಲೂ ಸಮನಾಗಿ ಬಿದ್ದರೆ ಆ ಸೂಕ್ಷ್ಮವಾದ ವಿದ್ಯೆಗೆ ಇನ್ನೂ ನ್ಯಾಯ ದೊರೆಯುತ್ತದೆ. ಅದು ಬಡಗಿಯೂ ದೀಪದವನೂ ಸೇರಿ ಮಾಡಬಹುದಾದ ಕೆಲಸ. ಇನ್ನೊಂದು ಕೆಲಸ ಅವರಿಂದಾಗದು. ಮಗಳ ಹೆಸರನ್ನು ಕರಪತ್ರದಲ್ಲಿ ಓದಿ ತಂದೆ ತಲೆ ತಗ್ಗಿಸದಿರುವುದು, ಕಚೇರಿಯಲ್ಲಿ ಪಕ್ಕದ ಮೇಜಿನವರು ತುಟಿಯಂಚಿನಲ್ಲಿ ನಗದಿರುವುದು, ಇವು ಸಭಾಂಗಣದ ಹೊರಗೆ ನಾವು ನೀವು ಸಮಮಾಡಬೇಕಾದ ನೆಲ. ಆ ಹುಡುಗಿ ಮತ್ತೆ ಕುಣಿಯುವಾಗ ಯಾವ ಹೆಸರನ್ನು ಅಚ್ಚುಹಾಕಿಸುತ್ತಾಳೋ, ಅದನ್ನು ಅವಳೇ ನಿರ್ಧರಿಸಲಿ. ನಾನಂತೂ ಟಿಕೀಟು ಕೊಂಡು ಹೋಗಿ, ಕುಣಿತಕ್ಕೆ ಮೊದಲು ಕರಪತ್ರದ ಹೆಸರುಗಳನ್ನು ಒಂದೊಂದಾಗಿ ಓದುವವನಿದ್ದೇನೆ.